ಲೆಡ್‌ವಿಲ್ 100 ಎಂಟಿಬಿ: ಡಲ್ಲಾಸ್‌ನ ಬಯಲಲ್ಲಿ ಇದ್ಕೊಂಡು ತಯಾರಿ ಹೇಗೆ?

ಸಾಗರದವಳು:

ಎಲ್ಲರಿಗೂ ನಮಸ್ಕಾರ. ಲಾಟರಿಯಲ್ಲಿ ನನ್ನ ಹೆಸರು ಬಂದಿದೆ! ಆಗಸ್ಟ್‌ನಲ್ಲಿ ಕೊಲರಾಡೊದ ಲೆಡ್‌ವಿಲ್ 100, ಅಂದ್ರೆ ನೂರು ಮೈಲಿಯ ಮೌಂಟೇನ್ ಬೈಕ್ (ಎಂಟಿಬಿ) ರೇಸ್, ಅರ್ಧ ದೂರ ಹೋಗಿ ಹೆಚ್ಚುಕಮ್ಮಿ ಅದೇ ದಾರಿಯಲ್ಲಿ ವಾಪಸ್. ಖುಷಿ ಒಂದು ಕಡೆ, ಎರಡು ದಿನದಿಂದ ಸರಿಯಾಗಿ ನಿದ್ದೆ ಇಲ್ಲ.

ನನಗೆ 43 ವರ್ಷ, ಊರು ಸಾಗರ, ಈಗ ಡಲ್ಲಾಸ್ ಪಕ್ಕದಲ್ಲಿದೀನಿ. ಐದು ವರ್ಷದಿಂದ ಗ್ರೇಪ್‌ವೈನ್ ಕೆರೆಯ ನಾರ್ತ್‌ಶೋರ್ ಟ್ರೇಲ್‌ನಲ್ಲಿ ಸೈಕಲ್ ಹೊಡೀತಿದೀನಿ. ಇಲ್ಲಿವರೆಗೆ ಒಂದೇ ದಿನ ತುಳಿದಿರೋ ಅತಿ ಹೆಚ್ಚು ದೂರ 62 ಮೈಲಿ. ಮಕ್ಕಳು, ಕೆಲಸ ಎಲ್ಲ ನೋಡ್ಕೊಂಡು ವಾರಕ್ಕೆ ಎಂಟು ಒಂಬತ್ತು ಗಂಟೆ ಸಿಗುತ್ತೆ, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಹೊಂದಿಸಬಹುದು. 12 ಗಂಟೆ ಒಳಗೆ ಮುಗಿಸಿದವರಿಗೆ ಕೊಡೋ ಆ ಬೆಲ್ಟ್ ಬಕಲ್ ತಗೋಬೇಕು, ಅಷ್ಟೇ ಆಸೆ.

ಇಲ್ಲಿ ಹತ್ತು ನಿಮಿಷ ಏರೋ ದಿಣ್ಣೆ ಕೂಡ ಇಲ್ಲ, ಅಲ್ಲಿ ಎರಡು ಗಂಟೆ ಏರಬೇಕಂತೆ. ಇದಕ್ಕೆ ಹೇಗೆ ತಯಾರಾಗ್ಲಿ? ಎತ್ತರದ ಭಯಾನೂ ಇದೆ. ಹಿಮಾಲಯದ ಚಾರಣಕ್ಕೆ ಹೋದಾಗ ಡಾಕ್ಟರ್ ಕೊಟ್ಟ ಡಯಾಮಾಕ್ಸ್ ಮಾತ್ರೆ ಮನೇಲಿದೆ, ತಗೋಬಹುದಾ? ಇನ್ನು ಸವಾರಿ ಮಧ್ಯೆ ಶಕ್ತಿಗೆ ಅಂತ ತಿನ್ನೋ ಆ ಜೆಲ್‌ಗಳು. ಮೂರನೇದು ಬಾಯಿಗಿಟ್ಟ ತಕ್ಷಣ ವಾಕರಿಕೆ. ನಾನು ಸಸ್ಯಾಹಾರಿ. ಮಾಡಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಬಂಗಾರಪೇಟೆ_ಡೆನ್ವರ್:

ಮೇಡಂ, ಅಭಿನಂದನೆ. ಎರಡು ಸಲ ಮಾಡಿದೀನಿ. ಮೊದಲ ಸಲ 12 ಗಂಟೆ 21 ನಿಮಿಷ, ಬಕಲ್ ಸಿಗಲಿಲ್ಲ. ಎರಡನೇ ಸಲ 11 ಗಂಟೆ 38 ನಿಮಿಷ. ಮಧ್ಯೆ ಒಂದು ವರ್ಷದಲ್ಲಿ ಕಾಲಲ್ಲಿ ಹೊಸ ಬಲ ಏನೂ ಬಂದಿರ್ಲಿಲ್ಲ, ರೇಸ್‌ನ ಮೊದಲ ಮೂರು ಗಂಟೆ ಹೇಗೆ ತುಳೀಬೇಕು ಅಂತ ಮಾತ್ರ ಕಲ್ತಿದ್ದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಬೆಳಿಗ್ಗೆ 6:30ಕ್ಕೆ ಬಂದೂಕು ಹಾರಿಸಿ ಬಿಡ್ತಾರೆ. ಆಗಸ್ಟ್ ಆದ್ರೂ ಬೆರಳು ಮರಗಟ್ಟೋ ಚಳಿ. ಊರಿಂದ ಟಾರ್ ರಸ್ತೆಯಲ್ಲಿ ಇಳಿಜಾರು, ಸಾವಿರಕ್ಕೂ ಹೆಚ್ಚು ಸೈಕಲ್ ಒಟ್ಟಿಗೆ. ಆಮೇಲೆ ಸೇಂಟ್ ಕೆವಿನ್ಸ್ ಅನ್ನೋ ಏರು. ಎಲ್ಲ ನಿಮ್ಮನ್ನ ದಾಟ್ಕೊಂಡು ಹೋಗ್ತಾರೆ. ಹೋಗ್ಲಿ ಬಿಡಿ. ಮೊದಲ ವರ್ಷ ನಾನು ಯಾರನ್ನೂ ಬಿಡಲಿಲ್ಲ. 40ನೇ ಮೈಲಿಯಲ್ಲಿ ಊಟ ನೀರಿಗೆ ನಿಲ್ಲೋ ಟ್ವಿನ್ ಲೇಕ್ಸ್‌ಗೆ 3 ಗಂಟೆ 20 ನಿಮಿಷದಲ್ಲಿ ತಲುಪಿ ಹೆಂಡತಿ ಹತ್ರ ಜಂಬ ಕೊಚ್ಕೊಂಡೆ. ಅದೇ ದಿನ ಮಧ್ಯಾಹ್ನ 80ನೇ ಮೈಲಿ ಹತ್ರ ಪವರ್‌ಲೈನ್ ಅನ್ನೋ ಏರಿನ ಬುಡದಲ್ಲಿ ಎರಡೂ ಮೀನಖಂಡ ಹಿಡ್ಕೊಂಡು, ಸೈಕಲ್ ಮಲಗಿಸಿ ಪಕ್ಕದಲ್ಲಿ ಕೂತಿದ್ದೆ. ಎರಡನೇ ವರ್ಷ ಟ್ವಿನ್ ಲೇಕ್ಸ್‌ಗೆ ತಲುಪಿದ್ದು 3 ಗಂಟೆ 40 ನಿಮಿಷಕ್ಕೆ. ಆ ಇಪ್ಪತ್ತು ನಿಮಿಷ ಪವರ್‌ಲೈನ್‌ನಲ್ಲಿ ಒಂದು ಗಂಟೆಯಾಗಿ ವಾಪಸ್ ಬಂತು.

ಪವರ್‌ಲೈನ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಈ ರೇಸ್ ಇರೋದೇ ಅಲ್ಲಿ. ವಿದ್ಯುತ್ ಕಂಬಗಳ ಕೆಳಗೆ ನೇರ ಮೇಲಕ್ಕೆ ಹೋಗೋ ಕೊರಕಲು ದಾರಿ ಅದು. ಶುರುವಿನ ದಿಣ್ಣೆ ಶೇಕಡಾ 20ಕ್ಕೂ ಕಡಿದು. ಬೆಳಿಗ್ಗೆ ಇಳಿಯುವಾಗ ಮಳೆನೀರು ಕೊರೆದ ಹಳ್ಳಗಳನ್ನ ತಪ್ಪಿಸ್ಕೊಂಡ್ರೆ ಸಾಕಾಗಿರುತ್ತೆ. ವಾಪಸ್ ಬರುವಾಗ ನಮ್ಮಂಥವರೆಲ್ಲ ಇಳಿದು ತಳ್ಳೋದೇ. ಮೇಲೆ ಬಂದ್ವಿ ಅಂದ್ಕೊಂಡಾಗ ಮರಗಳ ಹಿಂದೆ ಇನ್ನೊಂದು ಏರು, ಅದರ ಹಿಂದೆ ಮತ್ತೊಂದು. ಸೈಕಲ್ ತಳ್ಕೊಂಡು ಹತ್ತೋದನ್ನ ಯಾರೂ ಅಭ್ಯಾಸ ಮಾಡಲ್ಲ. ನೀವು ಮಾಡಿ. ಡಲ್ಲಾಸ್‌ನಲ್ಲಿ ಬೆಟ್ಟ ಇಲ್ಲದಿದ್ರೂ ಬಹುಮಹಡಿ ಪಾರ್ಕಿಂಗ್ ಇದೆ. ಭಾನುವಾರ ಬೆಳಿಗ್ಗೆ ಖಾಲಿ ಇರುತ್ತೆ. ರೇಸ್‌ಗೆ ಹಾಕೋ ಶೂನಲ್ಲೇ ಕೆಳಗಿಂದ ಮೇಲಿನ ಮಹಡಿವರೆಗೆ ಸೈಕಲ್ ತಳ್ಳಿ, ಹತ್ತು ಸಲ. ಹಿಮ್ಮಡಿ ಎಲ್ಲಿ ಸುಲಿಯುತ್ತೆ, ಭುಜ ಎಲ್ಲಿ ನೋಯುತ್ತೆ ಅಂತ ಮನೆ ಹತ್ರಾನೇ ಗೊತ್ತಾಗ್ಲಿ.

ಬೆಟ್ಟ ಇಲ್ಲ ಅಂತ ಕೊರಗಬೇಡಿ, ಟೆಕ್ಸಸ್‌ನಲ್ಲಿ ಎದುರುಗಾಳಿ ಇದೆಯಲ್ಲ. ಏರಿನ ಗುಣ ಏನು? ಪೆಡಲ್ ನಿಲ್ಲಿಸೋಕೆ ಬಿಡಲ್ಲ. ಎದುರುಗಾಳಿಯಲ್ಲಿ ಎರಡು ಗಂಟೆ ನೇರ ರಸ್ತೆಯಲ್ಲಿ ಹೋದ್ರೆ ಅರ್ಧ ದಾರಿಯಲ್ಲಿ ಬರೋ ಕೊಲಂಬೈನ್ ಬೆಟ್ಟ ಏರಿದಷ್ಟೇ ಬಿಡುವಿಲ್ಲದ ಕೆಲಸ ಕಾಲಿಗೆ. ವಾರದ ಮಧ್ಯೆ ಮನೆಯಲ್ಲಿ ಟ್ರೈನರ್ (ಸೈಕಲ್ ನಿಂತಲ್ಲೇ ತುಳಿಯೋ ಸ್ಟ್ಯಾಂಡ್) ಮೇಲೆ, ಮುಂದಿನ ಚಕ್ರದ ಕೆಳಗೆ ದಪ್ಪ ಹಲಗೆ ಇಟ್ಟು ಎತ್ತರ ಮಾಡಿ. ಗಟ್ಟಿ ಗೇರು, ನಿಮಿಷಕ್ಕೆ 60–65 ಸುತ್ತು, 20 ನಿಮಿಷದ್ದು ಮೂರು ಸಲ. ಚಿಕ್ಕ ವಾಕ್ಯ ಮಾತಾಡೋಕಾಗಬೇಕು, ಉದ್ದ ಮಾತಾಡೋಕೆ ಆಗಬಾರದು, ಆ ಲೆಕ್ಕಕ್ಕೆ ಉಸಿರು ಇಡಿ. ಶನಿವಾರ ಉದ್ದದ ಸವಾರಿ: ಈಗ ನಾಲ್ಕು ಗಂಟೆ, ಜೂನ್ ಹೊತ್ತಿಗೆ ಏಳು. ಭಾನುವಾರ ಆ ಸುಸ್ತಿನ ಕಾಲಲ್ಲೇ ಎರಡು ಗಂಟೆ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಮಕ್ಕಳಿಗೆ ಹುಷಾರಿಲ್ಲ ಅಂತ ಒಂದು ವಾರ ತಪ್ಪಿದ್ರೆ ಬಿಟ್ಟುಬಿಡಿ, ಮುಂದಿನ ವಾರಕ್ಕೆ ಸೇರಿಸಬೇಡಿ. ಹಾಗೆ ಸೇರಿಸಿಯೇ ನಾನು ಮೊಣಕಾಲು ನೋವು ತಂದ್ಕೊಂಡಿದ್ದು.

ಡಯಾಮಾಕ್ಸ್ ಬೇಡ. ಅದರಲ್ಲಿರೋ ಅಸಿಟಜೋಲಮೈಡ್ ಮೂತ್ರವರ್ಧಕ, ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯೋ ವಿಶ್ವಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ. ಚಾರಣಕ್ಕೆ ಸರಿ, ರೇಸ್‌ಗೆ ಅಲ್ಲ. ಬದಲಿಗೆ ಈಗಲೇ ಡಾಕ್ಟರ್ ಹತ್ರ ಹೋಗಿ ಫೆರಿಟಿನ್ ಪರೀಕ್ಷೆ ಮಾಡಿಸಿ. ದೇಹದಲ್ಲಿ ಕಬ್ಬಿಣ ಕಡಿಮೆ ಇದ್ರೆ ಎತ್ತರಕ್ಕೆ ಒಗ್ಗೋದು ಕಷ್ಟ. ಅದನ್ನ ಸರಿಮಾಡೋಕೆ ತಿಂಗಳುಗಳೇ ಬೇಕು, ನಿಮಗೆ ಅಷ್ಟು ಸಮಯ ಇದೆ.

ಲೆಡ್‌ವಿಲ್ ಊರೇ 10,000 ಅಡಿಗೂ ಮೇಲಿದೆ. ಗಾಳಿಯ ಒತ್ತಡ ಸಮುದ್ರಮಟ್ಟದ್ದರಲ್ಲಿ ಶೇಕಡಾ 70ರ ಆಸುಪಾಸು. ಕೊಲಂಬೈನ್ ತುದಿ 12,400 ಅಡಿ, ಅಲ್ಲಿ ಇನ್ನೂ ಕಡಿಮೆ. ತುಳಿಯೋ ಬಲ ಅಳೆಯೋ ಮೀಟರ್‌ನಲ್ಲಿ ಡಲ್ಲಾಸ್‌ನಲ್ಲಿ ನೋಡಿದ ವಾಟ್ಸ್ ಸಂಖ್ಯೆ ಅಲ್ಲಿ ಬರಲ್ಲ, ಬರಿಸೋಕೂ ಹೋಗಬೇಡಿ. ಮೀಟರ್ ಪರದೆಗೆ ಟೇಪ್ ಅಂಟಿಸಿ, ಉಸಿರು ಕೇಳಿಸ್ಕೊಂಡು ತುಳೀರಿ. ಮರಗಳು ಮುಗಿದ ಮೇಲೆ ಬರೀ ಕಲ್ಲು, ಎದುರುಗಡೆಯಿಂದ ಜೋರಾಗಿ ಇಳಿದು ಬರೋ ಸೈಕಲ್‌ಗಳು. ಬಲಕ್ಕೆ ಸರಿದು ನಡೀರಿ. ಮಧ್ಯಾಹ್ನ ಅಲ್ಲಿ ಗುಡುಗು ಸಿಡಿಲು ಬರುತ್ತೆ, ಮಳೆ ಕೋಟು ಜೇಬಲ್ಲೇ ಇರಲಿ.

ವಿಷಯದಿಂದ ಸ್ವಲ್ಪ ಆಚೆ ಹೋಗ್ತೀನಿ. ನಾನು ಬಂಗಾರಪೇಟೆಯವನು. ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡ್ತಿದ್ರು, ರಾತ್ರಿ ಪಾಳಿಗೆ ಸೈಕಲ್‌ನಲ್ಲೇ ಹೋಗೋರು. 2001ರಲ್ಲಿ ಗಣಿ ಮುಚ್ಚಿದಾಗ ನಾನು ಕಾಲೇಜಲ್ಲಿದ್ದೆ. ಲೆಡ್‌ವಿಲ್ ಕೂಡ ಗಣಿ ಊರು. 1980ರ ದಶಕದ ಶುರುವಲ್ಲಿ ಕ್ಲೈಮ್ಯಾಕ್ಸ್ ಮಾಲಿಬ್ಡಿನಂ ಗಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳ್ಕೊಂಡಾಗ, ಕೆನ್ ಕ್ಲೋಬರ್ ಅನ್ನೋ ಗಣಿ ಕಾರ್ಮಿಕ ಜನ ಬಂದು ಉಳ್ಕೊಳ್ಳಲಿ ಅಂತ 1983ರಲ್ಲಿ 100 ಮೈಲಿ ಓಟ ಶುರು ಮಾಡಿದ್ರು. ಸೈಕಲ್ ರೇಸ್ 1994ರಿಂದ. ಕೊಲಂಬೈನ್ ತುದಿ ಅಂತೀವಲ್ಲ, ಅದೂ ಒಂದು ಹಳೇ ಗಣಿಯ ಜಾಗವೇ. ಮೊದಲ ಸಲ ಆ ಕಲ್ಲಿನ ಗುಡ್ಡೆ ನೋಡಿದಾಗ ಸೈನೈಡ್ ದಿಬ್ಬಗಳು ಕಣ್ಮುಂದೆ ಬಂದವು. ಅಲ್ಲಿ ಒಂದು ನಿಮಿಷ ನಿಂತೆ. ಆ ನಿಮಿಷಕ್ಕೆ ನನಗೆ ಬೇಜಾರಿಲ್ಲ.

ಹುಬ್ಬಳ್ಳಿ_ಪಾನಾ:

ಅಕ್ಕಾರ, ನಾ ಆ ರೇಸ್ ಮಾಡಿಲ್ಲ, ಸೈಕಲ್ ರಿಪೇರಿ ನನ್ನ ಕೆಲಸ. 2020ರಾಗ ಗದಗದಾಗ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಶಿಪ್ ಆದಾಗ ಹುಡುಗರ ಸೈಕಲ್ ನೋಡ್ಕೊಳ್ಳಾಕ ಹೋಗಿದ್ದೆ. ಅಲ್ಲಿ ಕಂಡದ್ದಷ್ಟ ಹೇಳ್ತೀನಿ.

ಮುಂದಿನ ಹಲ್ಲುಚಕ್ರ 32 ಹಲ್ಲಿಂದು ಇದ್ರ 30ಕ್ಕ ಇಳಸ್ರಿ. ಹಿಂದ 10–51 ಇಲ್ಲಾ 10–52 ಇರ್ಲಿ. ಹಗುರ ಗೇರ್ ಇತ್ತಂದ್ರ ನಾಚ್ಕಿ ಏನಿಲ್ಲ, ಮೊಣಕಾಲು ಉಳೀತದ. ಟಯರ್ ಟ್ಯೂಬ್‌ಲೆಸ್ ಮಾಡಸ್ರಿ, ಒಳಗ ತೂತು ಮುಚ್ಚೋ ಸೀಲಂಟ್ ದ್ರವ ರೇಸಿಗೆ ಎರಡು ವಾರ ಮೊದ್ಲ ಹೊಸಾದು ಹಾಕಸ್ರಿ. ನಿಮ್ಮೂರ ಬಿಸಲಾಗ ಅದು ಒಣಗಿ ಚಕ್ಕಿ ಆಗಿರ್ತದ, ಹೊರಗಿಂದ ಗೊತ್ತಾಗಂಗಿಲ್ಲ. ಗದಗದಾಗ ಜಾಲಿಮುಳ್ಳು ಬಡದು ನಿಂತ ಹುಡುಗರೆಲ್ಲರದೂ ಇದ ಕತಿ. ಬ್ರೇಕ್ ಪ್ಯಾಡೂ ಹೊಸಾವ್ ಹಾಕಸ್ರಿ, ಆದ್ರ ರೇಸಿನ ಹಿಂದಿನ ದಿನ ಅಲ್ಲ. ಒಂದು ವಾರ ಓಡಿಸಿ ಪಳಗಿಸ್ಬೇಕು. ಒಂದು ಪ್ಲಗ್ ಕಿಟ್, ಒಂದು ಚೈನ್ ಲಿಂಕ್, ಒಂದು ಟ್ಯೂಬ್ ಕೈಗೆ ಸಿಗೋ ಹಂಗ ಕಟ್ಕೊಳ್ರಿ. ಪಂಕ್ಚರ್ ತಗಿಯೂದು ನೀವ ಕಲೀರಿ, ಮನ್ಯಾಗ ಐದು ಸಲ ಮಾಡ್ರಿ.

ಟ್ವಿನ್_ಲೇಕ್ಸ್_ಕಾವಲು:

ಮೇಲೆ ಬರೆದಿರೋ ಬಂಗಾರಪೇಟೆಯವರ ಮನೆಯವಳು ನಾನು. ಎರಡೂ ವರ್ಷ ಟ್ವಿನ್ ಲೇಕ್ಸ್‌ನಲ್ಲಿ ಊಟ ನೀರು ಹಿಡ್ಕೊಂಡು ನಿಂತಿದ್ದೆ. ಊಟದ ವಿಷಯ ನಾನೇ ಹೇಳ್ತೀನಿ.

ಇವರಿಗೂ ಜೆಲ್ ಆಗಲ್ಲ. ಮೊದಲ ವರ್ಷ ತುಪ್ಪ ಹಾಕಿದ ಅಂಟಿನುಂಡೆ ಕೊಟ್ಟೆ, ಅದು ತಪ್ಪಾಯ್ತು. ಆ ಎತ್ತರದಲ್ಲಿ ಜಿಡ್ಡು ಹೊಟ್ಟೆಯಲ್ಲೇ ಕೂತುಬಿಡುತ್ತೆ. ಎರಡನೇ ವರ್ಷ ಪಾನಕ ಮಾಡಿದೆ. ಬೆಲ್ಲ, ನಿಂಬೆಹಣ್ಣು, ಒಂದು ಚಿಟಿಕೆ ಶುಂಠಿ, ನಾಲಿಗೆಗೆ ಚೆನ್ನಾಗಿ ತಿಳಿಯೋಷ್ಟು ಉಪ್ಪು. ತಕ್ಕಡಿಯಲ್ಲಿ ತೂಗಿ ಒಂದು ಬಾಟಲಿಗೆ 60 ಗ್ರಾಂ ಬೆಲ್ಲ, ಗಂಟೆಗೊಂದು ಬಾಟಲಿ. ಬಟ್ಟೆಯಲ್ಲಿ ಎರಡು ಸಲ ಸೋಸಬೇಕು, ಇಲ್ಲಾಂದ್ರೆ ಬಾಟಲಿ ಮೂತಿಗೆ ಕಸ ಸಿಕ್ಕಿಕೊಳ್ಳುತ್ತೆ. ಗಟ್ಟಿ ತಿಂಡಿಗೆ ಉಪ್ಪು ಹಾಕಿ ಬೇಯಿಸಿದ ಚಿಕ್ಕ ಆಲೂಗಡ್ಡೆ, ಮತ್ತೆ ಚಿತ್ರಾನ್ನ. ಎಣ್ಣೆ ಕಡಿಮೆ, ಕಡಲೆಬೇಳೆ ಬೇಡ (ಏದುಸಿರಲ್ಲಿ ಗಂಟಲಿಗೆ ಹೋಗುತ್ತೆ), ಅನ್ನ ಸ್ವಲ್ಪ ಮೆತ್ತಗೆ. ನಿಂಬೆ ಗಾತ್ರದ ಉಂಡೆ ಮಾಡಿ ಒಂದೊಂದನ್ನೇ ಸುತ್ತಿಡಿ. ಇದನ್ನೆಲ್ಲ ಶನಿವಾರದ ಉದ್ದದ ಸವಾರಿಗಳಲ್ಲೇ ತಿಂದು ನೋಡಿ. ಹಸಿವಾದಾಗ ಅಲ್ಲ, ಗಡಿಯಾರ ನೋಡಿ ತಿನ್ನಿ. ಕೊಲಂಬೈನ್ ಮೇಲೆ ಹಸಿವೇ ಆಗಲ್ಲ ಅಂತಾರೆ ಇವರು.

ನಿಮ್ಮ ಜೊತೆ ಬರೋರಿಗೆ ಒಂದು ಮಾತು. ನೀವು ಎರಡನೇ ಸಲ ಟ್ವಿನ್ ಲೇಕ್ಸ್‌ಗೆ ಬಂದಾಗ “ಹೇಗಿದೀಯ” ಅಂತ ಕೇಳಬಾರದು. ಮೊದಲ ವರ್ಷ ನಾನು ಕೇಳಿದೆ. ಇವರ ಕಣ್ಣಲ್ಲಿ ನೀರು ಬಂತು, ಹತ್ತು ನಿಮಿಷ ಅಲ್ಲೇ ಹೋಯ್ತು. ಎರಡನೇ ವರ್ಷ ಬಾಟಲಿ ಕೈಗಿಟ್ಟು “ಶುರುವಾಗಿ 6 ಗಂಟೆ 50 ನಿಮಿಷ ಆಗಿದೆ, ಹೊರಡಿ” ಅಂದೆ. ಅವರು ಹೋದ ಮೇಲೆ ಆ ಗಾಳಿಯಲ್ಲಿ ನಿಂತು ನಾನೇ ಅತ್ತೆ.

ಸಾಗರದವಳು:

ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ, ಮೂರೂ ಜನಕ್ಕೆ ಧನ್ಯವಾದ. ಮಾತ್ರೆ ಡಬ್ಬ ಎತ್ತಿಟ್ಟೆ. ಫೆರಿಟಿನ್‌ಗೆ ಗುರುವಾರ ಹೋಗ್ತಿದೀನಿ. ಪಾರ್ಕಿಂಗ್ ಕಟ್ಟಡ ಆಫೀಸ್ ಪಕ್ಕದಲ್ಲೇ ಇದೆ, ಆರು ಮಹಡಿ.

ಇನ್ನೊಂದೇ ಪ್ರಶ್ನೆ. ರಜೆ ಒಟ್ಟು ಐದು ದಿನ. ಸೋಮವಾರವೇ ಬಂದು ಒಗ್ಗಿಕೊಳ್ಳಲಾ, ಇಲ್ಲ ಹಿಂದಿನ ದಿನ ಬರಲಾ? ಮತ್ತೆ ನಮ್ಮ ಯಜಮಾನರು ಮಕ್ಕಳ ಜೊತೆ ಮನೇಲಿ ಇರಬೇಕಾಗಬಹುದು, ಆಗ ನಾನು ಒಬ್ಬಳೇ.

ಬಂಗಾರಪೇಟೆ_ಡೆನ್ವರ್:

ಎರಡು ವಾರ ಮೊದಲೇ ಬರೋಕಾದ್ರೆ ಅದೇ ಒಳ್ಳೇದು. ಐದೇ ದಿನ ಅಂದ್ರೆ ನಡುವಿನ ಪರಿಸ್ಥಿತಿ. ಎತ್ತರಕ್ಕೆ ಬಂದ ಮೊದಲ ಎರಡು ಮೂರು ದಿನ ತಲೆನೋವು, ನಿದ್ದೆಗೇಡು ಇರಬಹುದು, ಅದನ್ನ ಆದಷ್ಟು ಕಡಿಮೆ ಮಾಡ್ಕೋಬೇಕು. ಸೋಮವಾರ ಡೆನ್ವರ್‌ಗೆ ಬನ್ನಿ, ಇಲ್ಲಿ 5,280 ಅಡಿ. ನಮ್ಮನೇಲೇ ಮಲಗಿ. ಬುಧವಾರ ನಾನೇ ಕರ್ಕೊಂಡು ಹೋಗಿ ಪವರ್‌ಲೈನ್ ಬುಡ ತೋರಿಸಿ, ಸಂಜೆ ವಾಪಸ್ ಕರ್ಕೊಂಡು ಬರ್ತೀನಿ. ಲೆಡ್‌ವಿಲ್‌ನಲ್ಲಿ ಮಲಗೋದು ಶುಕ್ರವಾರ ರಾತ್ರಿ ಒಂದೇ. ತಲೆನೋವಿನ ಜೊತೆ ವಾಂತಿ, ತೂರಾಟ, ಮಾತು ತೊದಲೋದು ಏನಾದ್ರೂ ಕಂಡ್ರೆ ರೇಸ್ ಬಿಟ್ಟು ಕೆಳಗಿಳೀಬೇಕು. ಅದರಲ್ಲಿ ಚೌಕಾಸಿ ಇಲ್ಲ.

ಟ್ವಿನ್_ಲೇಕ್ಸ್_ಕಾವಲು:

ಒಬ್ಬಳೇ ಅನ್ನಬೇಡಿ. ಈ ವರ್ಷ ಇವರು ರೇಸ್ ಮಾಡ್ತಿಲ್ಲ, ನಾವಿಬ್ಬರೂ ಟ್ವಿನ್ ಲೇಕ್ಸ್‌ನಲ್ಲಿ ಇರ್ತೀವಿ. ಹಳದಿ ಛತ್ರಿ ಹಿಡ್ಕೊಂಡಿರ್ತೀನಿ, ದೂರದಿಂದಲೇ ಕಾಣುತ್ತೆ. ಪಾನಕಕ್ಕೆ ಏಲಕ್ಕಿ ಹಾಕ್ಲಾ, ಬೇಡ್ವಾ? ಮೆಣಸು ಎಷ್ಟು ತಡೀತೀರ, ಅದನ್ನೂ ಹೇಳಿ.