ಗ್ರೌಂಡ್ ಬಾಕ್ಸ್ ಬಳಸಿದವರು ಅನುಭವ ತಿಳಿಸುವಿರಾ?

ಮೆಲುದನಿ:
ನನ್ನ ಬಳಿ ಟರ್ನ್‌ಟೇಬಲ್, ಅದರ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಫೋನೋ ಸ್ಟೇಜ್, ಯುಎಸ್‌ಬಿ ಮೂಲಕ ಡ್ಯಾಕ್‌ಗೆ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಆಗಿಸುವ ಉಪಕರಣ) ಜೋಡಿಸಿದ ಸ್ಟ್ರೀಮರ್ (ನೆಟ್‌ವರ್ಕ್‌ನಿಂದ ಸಂಗೀತ ನುಡಿಸುವ ಉಪಕರಣ) ಮತ್ತು ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಇವೆ. ವಾಲ್ಯೂಮ್ ಏರಿಸಿದಾಗ ಎರಡೂ ಸ್ಪೀಕರ್‌ಗಳಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಕೇಳಿಸುತ್ತದೆ. ಉಪಕರಣಗಳ ಸಿಗ್ನಲ್ ಗ್ರೌಂಡಿಗೆ ಮಾತ್ರ ತಂತಿಯಿಂದ ಜೋಡಿಸುವ, ಗೋಡೆಯ ಅರ್ಥಿಂಗ್‌ಗೆ ಸಂಬಂಧವಿಲ್ಲದ, ಗದ್ದಲ ತಗ್ಗಿಸುತ್ತದೆಂದು ಮಾರುವ ಗ್ರೌಂಡ್ ಬಾಕ್ಸ್ ಒಂದನ್ನು ಪರೀಕ್ಷೆಗಾಗಿ ಮನೆಗೆ ಕೊಡಲು ಮಾರಾಟಗಾರರು ಒಪ್ಪಿದ್ದಾರೆ. ಬಳಸಿದವರಿಗೆ ನಿಜವಾಗಿಯೂ ಪ್ರಯೋಜನವಾಯಿತೇ?

ಮಂದ್ರ:
ನನಗೆ ಆಯಿತು, ಅದನ್ನು ಹೇಳಲು ಯಾವ ಸಂಕೋಚವೂ ಇಲ್ಲ. ಆದರೆ ಪೆಟ್ಟಿಗೆಯ ಬೆಲೆಯನ್ನಷ್ಟೇ ನೋಡಿ ಲೆಕ್ಕ ಹಾಕಬೇಡಿ. ನಾನು ಮೊದಲು ಕೊಂಡದ್ದರಲ್ಲಿ ಎರಡೇ ಟರ್ಮಿನಲ್‌ಗಳಿದ್ದವು. ಸ್ಟ್ರೀಮರ್ ಬಂದ ಮೇಲೆ ದೊಡ್ಡದಕ್ಕೆ ಬದಲಾಯಿಸಿದಾಗ ಹಳೆಯದಕ್ಕೆ ಅರ್ಧ ಬೆಲೆ ಮಾತ್ರ ಸಿಕ್ಕಿತು. ತಂತಿಗಳನ್ನು ಬೇರೆಯಾಗಿ ಕೊಳ್ಳಬೇಕು, ಒಂದೊಂದು ಉಪಕರಣಕ್ಕೂ ಒಂದೊಂದು ಬಗೆಯ ತುದಿ ಬೇಕು: ಒಂದಕ್ಕೆ ಆರ್‌ಸಿಎ, ಒಂದಕ್ಕೆ ಯುಎಸ್‌ಬಿ, ಇನ್ನೊಂದಕ್ಕೆ ಎಕ್ಸ್‌ಎಲ್‌ಆರ್. ಮಾರಾಟಗಾರರು ಕಳುಹಿಸಿದ ಒಂದು ತಂತಿಯ ತುದಿ ನನ್ನ ಡ್ಯಾಕ್‌ಗೆ ಹೊಂದದೆ ವಾಪಸ್ಸು ಹೋಯಿತು, ಸಾಗಣೆಯ ಖರ್ಚು ನನ್ನ ತಲೆಗೇ ಬಿತ್ತು. ಕೊನೆಗೆ ತಂತಿಗಳ ಖರ್ಚು ಪೆಟ್ಟಿಗೆಯದನ್ನೂ ಮೀರಿ, ಒಟ್ಟು ಮೊತ್ತ ಆಂಪ್‌ನ ಬೆಲೆಯ ಮುಕ್ಕಾಲು ಪಾಲಿಗೆ ಬಂದು ನಿಂತಿತು. ಪೆಟ್ಟಿಗೆಯ ತೂಕಕ್ಕೆ ಸ್ಟ್ಯಾಂಡಿನ ಕೆಳಹಲಗೆ ಬಾಗಿದ್ದರಿಂದ ಅದನ್ನೂ ಬದಲಾಯಿಸಬೇಕಾಯಿತು. ಇಷ್ಟಾದರೂ, ಪಿಯಾನೊದ ಸ್ವರ ಆರುತ್ತಾ ಹೋಗುವಾಗ ಅದು ಎಲ್ಲಿ ಮುಗಿಯಿತೆಂಬುದು ಈಗ ಕೇಳಿಸುತ್ತದೆ. ಮೊದಲು ಅದು ಮಸುಕಿನಲ್ಲಿ ಕರಗಿಹೋಗುತ್ತಿತ್ತು.

ಅಳತೆಪಟ್ಟಿ:
ನಾನೂ ಇಂಥದ್ದೊಂದನ್ನು ಕೊಂಡು ಹಿಂದಿರುಗಿಸಿದವನು. ಪೆಟ್ಟಿಗೆ ತೆರೆದಿದೆಯೆಂದು ಮಾರಾಟಗಾರರು ಹಣದಲ್ಲಿ ಕಡಿತ ಮಾಡಿದರು, ಆ ನೋವು ಇನ್ನೂ ಆರಿಲ್ಲ. ಆಂಪ್‌ನ ಔಟ್‌ಪುಟ್ಟನ್ನು ಸೌಂಡ್ ಕಾರ್ಡಿಗೆ ಕೊಟ್ಟು ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸದ್ದಿದೆ ಎಂಬ ನಕ್ಷೆ) ತೆಗೆದಾಗ, ತಂತಿ ಸಿಕ್ಕಿಸಿದಾಗಲೂ ಕಿತ್ತಾಗಲೂ ಹಮ್‌ನ, ಅಂದರೆ ಆ ಗುಂಯ್ ಸದ್ದಿನ, ಗೆರೆಗಳು ಕೂದಲೆಳೆಯಷ್ಟೂ ಕದಲಲಿಲ್ಲ. ಕಾರಣ ಸರಳ. ಎರಡು ಉಪಕರಣಗಳು ಪ್ಲಗ್‌ನ ಅರ್ಥ್ ಮೂಲಕವೂ ಆರ್‌ಸಿಎ ಕೇಬಲ್‌ನ ಕವಚದ ಮೂಲಕವೂ ಕೂಡಿಕೊಂಡಾಗ ಒಂದು ಸುತ್ತು ಏರ್ಪಟ್ಟು, ಆ ಕವಚದಲ್ಲಿ 50 ಅಥವಾ 60 ಹರ್ಟ್ಜ್‌ನ ಕರೆಂಟು ಹರಿಯುತ್ತದೆ. ಕವಚದ ರೋಧ 0.1 ಓಮ್ ಇದ್ದು ಒಂದು ಮಿಲಿಆಂಪ್ ಹರಿದರೆ 100 ಮೈಕ್ರೊವೋಲ್ಟ್ ಸಿಗ್ನಲ್‌ಗೆ ಸೇರುತ್ತದೆ. ಡ್ಯಾಕ್‌ನ 2 ವೋಲ್ಟ್‌ಗೆ ಹೋಲಿಸಿದರೆ ಅದು 86 ಡೆಸಿಬೆಲ್ ಕೆಳಗಿದೆ. ಟರ್ನ್‌ಟೇಬಲ್‌ನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್‌ನ (ಸೂಜಿಯ ಅಲುಗಾಟವನ್ನು ಸಿಗ್ನಲ್ ಆಗಿಸುವ ಭಾಗ) 5 ಮಿಲಿವೋಲ್ಟ್‌ಗೆ ಹೋಲಿಸಿದರೆ 34 ಡೆಸಿಬೆಲ್ ಮಾತ್ರ. ಈ ಸುತ್ತನ್ನು ಕಡಿಯಬೇಕೇ ಹೊರತು, ಮುಂದೆ ಎಲ್ಲಿಗೂ ಸೇರದ, ಖನಿಜದ ಪುಡಿ ತುಂಬಿದ ಪೆಟ್ಟಿಗೆಗೆ ಒಂದು ತಂತಿಯನ್ನು ಕಟ್ಟಿದರೆ ಆ ಕರೆಂಟು ಅತ್ತ ಹೋಗುವುದೇ ಇಲ್ಲ.

ಮಂದ್ರ:
ಹಮ್ ಹೋಯಿತೆಂದು ನಾನು ಎಲ್ಲಿಯೂ ಬರೆದಿಲ್ಲ. ಡಿಜಿಟಲ್ ಉಪಕರಣಗಳ ಹೈ ಫ್ರೀಕ್ವೆನ್ಸಿ ಗದ್ದಲದ ವಿಷಯ ಹೇಳುತ್ತಿದ್ದೇನೆ. ಓದಿ ಉತ್ತರಿಸಿ.

ಅಳತೆಪಟ್ಟಿ:
ಓದಿಯೇ ಉತ್ತರಿಸುತ್ತಿದ್ದೇನೆ. ಒಂದು ಮೀಟರ್ ತಂತಿಯ ಇಂಡಕ್ಟನ್ಸ್ ಸುಮಾರು 1 ಮೈಕ್ರೊಹೆನ್ರಿ. 10 ಮೆಗಾಹರ್ಟ್ಜ್‌ನಲ್ಲಿ ಅದು 63 ಓಮ್‌ನಷ್ಟು ಅಡ್ಡಿಯಾಗುತ್ತದೆ. ನೀವು ಹೇಳುವ ಗದ್ದಲಕ್ಕೆ ಆ ತಂತಿ ದಾರಿಯಾಗುವುದಕ್ಕಿಂತ ಆಂಟೆನಾ ಆಗುವ ಸಾಧ್ಯತೆಯೇ ಹೆಚ್ಚು.

ಸುರುಳಿ:
ಇಷ್ಟೆಲ್ಲ ಖರ್ಚು ಯಾಕೆ? ನಾನು ಆಂಪ್‌ನ ಪ್ಲಗ್‌ಗೆ ಅರ್ಥ್ ಪಿನ್ ಇಲ್ಲದ ಅಡಾಪ್ಟರ್ ಹಾಕಿದ ಕ್ಷಣವೇ ಹಮ್ ನಿಂತಿತು. ವರ್ಷಗಳಿಂದ ಹಾಗೆಯೇ ನಡೆಯುತ್ತಿದೆ, ಏನೂ ಆಗಿಲ್ಲ.

ವೇದಿಕೆಧ್ವನಿ:
ಸುರುಳಿ ಅವರೇ, ಇದನ್ನು ಇನ್ನೊಬ್ಬರಿಗೆ ದಯವಿಟ್ಟು ಹೇಳಿಕೊಡಬೇಡಿ. ಅರ್ಥ್ ಬೇಡದ ಉಪಕರಣಗಳು ಎರಡು ಪದರ ಇನ್ಸುಲೇಶನ್‌ನೊಂದಿಗೆ ಹಾಗೆಂದೇ ತಯಾರಾಗಿರುತ್ತವೆ; ನಿಮ್ಮದು ಅಂಥದ್ದಲ್ಲ. ಒಳಗೆ ಇನ್ಸುಲೇಶನ್ ಕೈಕೊಟ್ಟ ದಿನ ಲೋಹದ ಹೊರಕವಚ ಪೂರ್ತಿ ಲೈವ್ ಆಗುತ್ತದೆ, ಫ್ಯೂಸ್ ಹಾರುವ ದಾರಿಯನ್ನು ನೀವೇ ಮುಚ್ಚಿದ್ದೀರಿ. ನಾನು ವೇದಿಕೆಗಳಲ್ಲಿ ಸೌಂಡ್ ಕೆಲಸ ಮಾಡುವವನು. ಹಮ್ ಬಂದಾಗ ನಾವು ಸಿಗ್ನಲ್ ಕೇಬಲ್‌ನ ನಡುವೆ, ನೇರ ತಂತಿ ಸಂಪರ್ಕವಿಲ್ಲದೆ ಸಿಗ್ನಲ್ ದಾಟಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕುತ್ತೇವೆ, ಸುರಕ್ಷತೆಯ ಅರ್ಥ್ ಅನ್ನು ಮುಟ್ಟುವುದಿಲ್ಲ. ಎಕ್ಸ್‌ಎಲ್‌ಆರ್‌ನ ಒಂದನೆಯ ಪಿನ್ನನ್ನು (ಕೇಬಲ್‌ನ ಕವಚ ಸೇರುವ ಪಿನ್) ನೇರವಾಗಿ ಉಪಕರಣದ ಲೋಹದ ಹೊರಕವಚಕ್ಕೆ ಕೊಡದೆ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಎಳೆದಿರುವ ಉಪಕರಣಗಳಲ್ಲಿ ಗದ್ದಲ ಒಳನುಗ್ಗುತ್ತದೆಂದು ನೀಲ್ ಮನ್ಸಿ 1995ರಲ್ಲೇ ಬರೆದಿದ್ದಾರೆ. ಆಡಿಯೊ ಎಂಜಿನಿಯರಿಂಗ್ ಸೊಸೈಟಿ ಅದಕ್ಕಾಗಿ 2005ರಲ್ಲಿ ಎಇಎಸ್48 ಎಂಬ ಮಾನದಂಡವನ್ನೂ ಹೊರತಂದಿತು.

ಸುರುಳಿ:
ಮನೆಯಲ್ಲಿ ಆರ್‌ಸಿಎ ಇಟ್ಟುಕೊಂಡವರಿಗೆ ಎಕ್ಸ್‌ಎಲ್‌ಆರ್‌ನ ಪಾಠ ಯಾಕೆ? ಅಗ್ಗದ ಟ್ರಾನ್ಸ್‌ಫಾರ್ಮರ್‌ಗಳು ಬಾಸ್ ತಿಂದುಹಾಕುತ್ತವೆ. ನಾನು ಕೊಂಡ ಎರಡನ್ನೂ ಕಪಾಟಿಗೆ ಸೇರಿಸಿದ್ದೇನೆ.

ವೇದಿಕೆಧ್ವನಿ:
ಅಗ್ಗದವುಗಳ ಪುಟ್ಟ ಕೋರ್ ಕೆಳಸ್ವರಗಳಲ್ಲಿ ಸ್ಯಾಚುರೇಟ್ ಆಗುತ್ತದೆ (ಕಾಂತತ್ವದ ಮಿತಿ ಮುಟ್ಟುತ್ತದೆ), ಆ ಮಾತು ಸರಿ. ಅದು ಅರ್ಥ್ ಕೀಳಲು ಕಾರಣವಲ್ಲ.

ಕಪ್ಪುತಟ್ಟೆ:
ನನ್ನ ಕಥೆ ಬೇರೆ. ನನ್ನದು ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜ್, ಔಟ್‌ಪುಟ್ 0.3 ಮಿಲಿವೋಲ್ಟ್, ಫೋನೋ ಸ್ಟೇಜ್‌ನ ಗೇನ್ (ಹಿಗ್ಗಿಸುವ ಪ್ರಮಾಣ) 60 ಡೆಸಿಬೆಲ್; ಅಷ್ಟು ಗೇನ್‌ನಲ್ಲಿ ಹಮ್ ಎಲ್ಲಿಂದಾದರೂ ನುಸುಳುತ್ತದೆ. ಟೋನ್‌ಆರ್ಮ್‌ನ ಕೇಬಲ್ ಬದಲಾಯಿಸಿದೆ, ಫೋನೋ ಸ್ಟೇಜ್ ಬದಲಾಯಿಸಿದೆ, ಪವರ್ ಕಂಡೀಷನರ್ ತಂದೆ, ಎಲೆಕ್ಟ್ರೀಷಿಯನ್‌ರನ್ನು ಕರೆಸಿ ಗೋಡೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿದೆ. ಅವೆಲ್ಲವೂ ಸೇರಿ ನನ್ನ ಕಾರ್ಟ್ರಿಡ್ಜ್‌ನ ಬೆಲೆಗಿಂತ ಹೆಚ್ಚಾಯಿತು. ಹಮ್ ನಿಂತದ್ದು ಟಿವಿಗೆ ಬರುವ ಕೇಬಲ್ ಕಿತ್ತಾಗ: ಟಿವಿಯ ಆಡಿಯೊ ಔಟ್ ಆಂಪ್‌ಗೆ ಹೋಗುತ್ತಿತ್ತು, ಟಿವಿಗೆ ಬರುವ ಆ ಆ್ಯಂಟೆನಾ ಕೇಬಲ್‌ನ ಕವಚ ಕಟ್ಟಡದ ಇನ್ನೊಂದು ಕಡೆ ಅರ್ಥ್ ಆಗಿತ್ತು. ಆ್ಯಂಟೆನಾ ಕೇಬಲ್‌ಗೆ ಹಾಕುವ ಬೆರಳುದ್ದದ ಐಸೊಲೇಟರ್ ಒಂದರಿಂದ ಕೆಲಸ ಮುಗಿಯಿತು. ಗ್ರೌಂಡ್ ಬಾಕ್ಸ್ ತರುವ ಮೊದಲು ಒಂದೊಂದೇ ಕೇಬಲ್ ಕಿತ್ತು ಕೇಳಿ ಎಂದಷ್ಟೇ ಹೇಳಬಲ್ಲೆ.

ಮೆಲುದನಿ:
ಹಾಗೆಯೇ ಮಾಡಿ ನೋಡಿದೆ. ಟಿವಿ ನನ್ನ ಸಿಸ್ಟಮ್‌ಗೆ ಸೇರಿಲ್ಲ. ಸ್ಟ್ರೀಮರ್‌ನಿಂದ ಡ್ಯಾಕ್‌ಗೆ ಹೋಗುವ ಯುಎಸ್‌ಬಿ ಕಿತ್ತಾಗ ಸದ್ದು ಬಹುಪಾಲು ಇಳಿಯಿತು, ಪೂರ್ತಿ ಹೋಗಲಿಲ್ಲ.

ಅಳತೆಪಟ್ಟಿ:
ಉತ್ತರ ಸಿಕ್ಕಿತು. ಆಪ್ಟಿಕಲ್ ಕೇಬಲ್‌ನಿಂದ ಜೋಡಿಸಿ, ಅದರಲ್ಲಿ ಲೋಹದ ಸಂಪರ್ಕವೇ ಇಲ್ಲ.

ಮಂದ್ರ:
ಉತ್ತರ ಸಿಕ್ಕಿತೆಂದು ತೀರ್ಪು ಕೊಡಲು ಇಷ್ಟು ಆತುರವೇಕೆ? ಅನೇಕ ಆಪ್ಟಿಕಲ್ ಇನ್‌ಪುಟ್‌ಗಳು 96 ಕಿಲೊಹರ್ಟ್ಜ್ ದಾಟಿದರೆ ತಡವರಿಸುತ್ತವೆ, ಅವರ ಬಳಿ ಅದಕ್ಕಿಂತ ಹೆಚ್ಚಿನ ರೆಸಲ್ಯೂಶನ್‌ನ ಫೈಲುಗಳಿದ್ದರೆ?

ಕಪ್ಪುತಟ್ಟೆ:
ಯುಎಸ್‌ಬಿ ಐಸೊಲೇಟರ್ ಹಾಕಬಹುದು, ಆದರೆ ನೋಡಿ ಕೊಳ್ಳಿ. ನನ್ನ ಸ್ನೇಹಿತರು ತಂದ ಅಗ್ಗದ್ದು ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ ದಾಟಿಸುವಂಥದ್ದು, 480ರ ಹೈ ಸ್ಪೀಡ್ ಬೇಡುವ ಡ್ಯಾಕ್ ಅದರಲ್ಲಿ ಹೈ ರೆಸಲ್ಯೂಶನ್ ಫೈಲುಗಳನ್ನು ನುಡಿಸಲೇ ಇಲ್ಲ.

ಅಳತೆಪಟ್ಟಿ:
ಸಿಡಿಯ 44.1 ಕಿಲೊಹರ್ಟ್ಜ್‌ಗೆ ಆಪ್ಟಿಕಲ್ ಧಾರಾಳ ಸಾಕು. ಮಂದ್ರ ಅವರೇ, ನಿಮ್ಮ ಪೆಟ್ಟಿಗೆಯ ತಂತಿಯನ್ನು ಬೇರೊಬ್ಬರು ನಿಮಗೆ ಕಾಣದಂತೆ ಸಿಕ್ಕಿಸಿ ಕೀಳಲಿ, ನೀವು ಹೇಳಿ ನೋಡೋಣ.

ಮಂದ್ರ:
ಒಪ್ಪುತ್ತೇನೆ, ಆದರೆ ಪ್ರತಿ ಬಾರಿ ರಚನೆಯನ್ನು ಪೂರ್ತಿ ಕೇಳಲು ಬಿಡಬೇಕು. ಹತ್ತು ಸೆಕೆಂಡಿನ ತುಣುಕುಗಳ ಮೇಲೆ ಸ್ವರದ ಬಾಲವನ್ನು ಯಾರೂ ತೂಗಲಾರರು.

ಅಳತೆಪಟ್ಟಿ:
ರಚನೆ ಮುಗಿಯುವಷ್ಟರಲ್ಲಿ ಹಿಂದಿನದು ಹೇಗಿತ್ತೆಂಬ ನೆನಪೇ ಮಸುಕಾಗಿರುತ್ತದೆ. ಆ ನಿಯಮದ ಮೇಲೆ ನಾನು ಪರೀಕ್ಷೆಗೆ ಬರುವುದಿಲ್ಲ.