ಟವರ್ ಇಲ್ಲದ ಕಡೆ ದಾರಿ ಹುಡುಕೋದು ಯಾರು?

ಪ್ರಶ್ನೆ: ಸರ್, ನಮ್ಮದು ಕಾರವಾರ. ಕಾಲೇಜು ಪ್ರಾಜೆಕ್ಟಿಗೆ ಮೀನುಗಾರಿಕೆ ಬೋಟುಗಳ ಅಡ್ ಹಾಕ್ ನೆಟ್‌ವರ್ಕ್ ಸಿಮ್ಯುಲೇಟ್ ಮಾಡುತ್ತಿದ್ದೇವೆ. ಬೈತಖೋಲ ಬಂದರಿನಿಂದ ಹೊರಟ ಬೋಟು ದೂರ ಹೋದರೆ ಮೊಬೈಲ್ ಸಿಗ್ನಲ್ ಇರಲ್ಲ. ನಡುವಿನ ಬೋಟುಗಳೇ ಸಂದೇಶ ದಾಟಿಸಿ ದಡ ಮುಟ್ಟಿಸಬೇಕು. ದಾರಿ ಯಾರಿಗೆ ಗೊತ್ತಿರುತ್ತದೆ?

ಉತ್ತರ: ಪೂರ್ತಿ ದಾರಿ ಯಾರಿಗೂ ಗೊತ್ತಿರಬೇಕಾಗಿಲ್ಲ. ಎಒಡಿವಿ ನೋಡಿ, ಬೇಕಾದಾಗ ಮಾತ್ರ ದಾರಿ ಹುಡುಕುವ ನಿಯಮಾವಳಿ. ಅದರ ತಾಂತ್ರಿಕ ದಾಖಲೆ 2003ರ ಆರ್‌ಎಫ್‌ಸಿ 3561. ದಾರಿ ಬೇಕಾದ ಬೋಟು ‘ರೂಟ್ ರಿಕ್ವೆಸ್ಟ್’ ಅನ್ನು ಸುತ್ತಲೂ ಬಿತ್ತರಿಸುತ್ತದೆ. ಕೇಳಿಸಿಕೊಂಡ ಬೋಟು ಅದು ಯಾರಿಂದ ಬಂತು ಅಂತ ಬರೆದಿಟ್ಟು ಮುಂದಕ್ಕೆ ಕಳಿಸುತ್ತದೆ. ಅದೇ ಐಡಿಯ ರಿಕ್ವೆಸ್ಟ್ ಮತ್ತೆ ಬಂದರೆ ಬಿಟ್ಟುಬಿಡುತ್ತದೆ. ದಡದಿಂದ ‘ರೂಟ್ ರಿಪ್ಲೈ’ ಅನ್ನೋ ಉತ್ತರ, ರಿಕ್ವೆಸ್ಟ್ ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ. ಆಗ ಪ್ರತಿ ಬೋಟೂ ದಡದ ಕಡೆಗಿನ ಮುಂದಿನ ಬೋಟು ಯಾವುದು ಅಂತಷ್ಟೇ ಗುರುತು ಹಾಕಿಕೊಳ್ಳುತ್ತದೆ.

ಇದನ್ನು ಎಲ್ಲರೂ ಬರೆಯುತ್ತಾರೆ. ವೈವಾದಲ್ಲಿ ಸಿಕ್ಕಿಬೀಳೋದು ಸೀಕ್ವೆನ್ಸ್ ನಂಬರಿನಲ್ಲಿ. ದಾರಿಯ ಮಾಹಿತಿ ಎಷ್ಟು ತಾಜಾ ಅಂತ ಹೇಳುವ ನಂಬರ್ ಅದು. ಒಂದನೇ ಬೋಟು ಎರಡನೆಯದರ ಮೂಲಕ ದಡಕ್ಕೆ ಕಳಿಸುತ್ತಿದೆ ಅಂದುಕೊಳ್ಳಿ. ಎರಡನೆಯದಕ್ಕೆ ದಡದ ಲಿಂಕ್ ಕಡಿಯಿತು. ‘ರೂಟ್ ಎರರ್’ ಕಳಿಸಿತು, ಆದರೆ ಅದು ಒಂದನೆಯದಕ್ಕೆ ಮುಟ್ಟಲೇ ಇಲ್ಲ. ಈಗ ಎರಡನೆಯದು ‘ದಡಕ್ಕೆ ದಾರಿ ಇದೆಯಾ?’ ಅಂದರೆ, ಒಂದನೆಯದು ಹಳೇ ಟೇಬಲ್ ನೋಡಿ ‘ಇದೆ’ ಅಂದುಬಿಡಬಹುದು. ಆ ದಾರಿ ಇರೋದೇ ಎರಡನೆಯದರ ಮೂಲಕ! ಪ್ಯಾಕೆಟ್ ಇಬ್ಬರ ನಡುವೆಯೇ ಸುತ್ತುತ್ತಿರುತ್ತದೆ. ಅದಕ್ಕೇ ಲಿಂಕ್ ಕಡಿದಾಗ ಎರಡನೆಯದು ದಡದ ಸೀಕ್ವೆನ್ಸ್ ನಂಬರನ್ನು ಒಂದು ಹೆಚ್ಚಿಸಿ ಕೇಳುತ್ತದೆ. ಒಂದನೆಯದರ ಬಳಿ ಇರೋದು ಅದಕ್ಕಿಂತ ಹಳೇ ನಂಬರ್, ಹಾಗಾಗಿ ಉತ್ತರ ಕೊಡುವಂತಿಲ್ಲ. ಮೊದಲು ತಾಜಾತನ, ನಂಬರ್ ಒಂದೇ ಆದರೆ ಮಾತ್ರ ಹತ್ತಿರದ ದಾರಿ.

ಪ್ರಶ್ನೆ: ಓಎಲ್‌ಎಸ್‌ಆರ್ ಅನ್ನೋ ಇನ್ನೊಂದು ನಿಯಮಾವಳಿ ಇನ್ನೂ ಒಳ್ಳೇದು ಅಂತಾರಲ್ವಾ ಸರ್? ಅದರಲ್ಲಿ ದಾರಿ ಮೊದಲೇ ಸಿದ್ಧ ಇರುತ್ತದಂತೆ.

ಉತ್ತರ: ಇರುತ್ತದೆ, ಆದರೆ ಸುಮ್ನೆ ಇರಲ್ಲ. ಯಾರೂ ಸಂದೇಶ ಕಳಿಸದಿದ್ದರೂ ಮಾಹಿತಿ ಹಂಚುತ್ತಲೇ ಇರಬೇಕು. ಆಯ್ದ ನೆರೆಯವರು ಮಾತ್ರ ಮರುಪ್ರಸಾರ ಮಾಡೋದರಿಂದ ಹೊರೆ ಸ್ವಲ್ಪ ಇಳಿಯುತ್ತದೆ. ಶಿರಸಿ ಕಡೆ ಅಡಿಕೆ ತೋಟದಲ್ಲಿ ಕದಲದ ನೋಡ್‌ಗಳು ಪದೇ ಪದೇ ಮಾತಾಡುತ್ತವೆ ಅಂದರೆ ನಾನು ಅದನ್ನೇ ಹಾಕುತ್ತೇನೆ. ಓಡಾಡುವ ಬೋಟು, ಅಪರೂಪದ ಸಂದೇಶ ಅಂದರೆ ಎಒಡಿವಿ. ಎನ್‌ಎಸ್-3 ಸಿಮ್ಯುಲೇಟರಿನಲ್ಲಿ ಎರಡೂ ಇವೆ, ಹೋಲಿಸಿ ನೋಡಿ.

ಇನ್ನೊಂದು. ಬೋಟುಗಳು ಚದುರಿ ನಡುವೆ ಒಂದು ಕೊಂಡಿ ಇಲ್ಲದಿದ್ದರೆ ಇವೆರಡೂ ಕೈಕೊಡುತ್ತವೆ. ಆ ಕ್ಷಣಕ್ಕೆ ದಾರಿಯೇ ಇರಲ್ಲ ಅಲ್ವಾ? ಆಗ ಸಂದೇಶವನ್ನು ಬೋಟಿನಲ್ಲೇ ಇಟ್ಟುಕೊಂಡು, ಬೇರೆ ಬೋಟು ಸಿಕ್ಕಾಗ ದಾಟಿಸುವ ಡಿಟಿಎನ್ (ತಡವನ್ನು ಸಹಿಸಿಕೊಳ್ಳುವ ನೆಟ್‌ವರ್ಕ್) ಬೇಕು. ಸಿಮ್ಯುಲೇಶನ್‌ನಲ್ಲಿ ಬೋಟುಗಳನ್ನು ಅರ್ಧ ಮಾಡಿ ಓಡಿಸಿ, ಎಷ್ಟು ಪ್ಯಾಕೆಟ್ ದಡ ಸೇರುತ್ತವೆ ಅಂತ ಇಲ್ಲೇ ಹಾಕಿ.