ಅಡ್ಮಿನ್ ಹುದ್ದೆ ಬಿಡ್ಲತ್ತೀನಿ, ಮುಂದ ಒಂದ್ ವರ್ಷ ಸಬ್ಯಾಟಿಕಲ್ (ಸಂಶೋಧನಾಕ್ಕ ಕೊಡೋ ರಜಾ), ಹೆಂಗ ತಯಾರಿ ಮಾಡ್ಕೋಬೇಕ್ರಿ?

ಅಮಾಸಿ_ಭಜನಿ (ಕಲಬುರಗಿ)

ಎಲ್ಲರಿಗೂ ಶರಣ್ರಿ. ನಾ ಇಲ್ಲೇ ಒಂದ್ ಯುನಿವರ್ಸಿಟಿಯಾಗ ಕನ್ನಡ ಪ್ರೊಫೆಸರ್ ಇದ್ದೀನಿ. 5 ವರ್ಷದ ಹಿಂದ "ಬರೇ ಇನ್‌ಚಾರ್ಜ್, ಆರ್ ತಿಂಗಳು ನೋಡ್ಕೋರಿ" ಅಂತ ಒಂದ್ ಆಡಳಿತದ ಹುದ್ದೆ ಕೊಟ್ರು, ಆಮ್ಯಾಲ ನ್ಯಾಕ್ (ಯುನಿವರ್ಸಿಟಿ ಗುಣಮಟ್ಟದ ತಪಾಸಣಿ) ಬಂತು, ಪರೀಕ್ಷಾ ಬಂತು, ಹಂಗೇ ಮುಂದುವರೀತು. ಈಗ ಜೂನ್ 30ಕ್ಕ ಚಾರ್ಜ್ ಕೊಡ್ತೀನಿ, ಜುಲೈ 1ರಿಂದ ರಜಾ ಮಂಜೂರಾಗ್ಯದ.

ಕೆಲಸ ಏನಂದ್ರ ಕಡಕೋಳ ಮಡಿವಾಳಪ್ಪನವರು, ಅವರ ಶಿಷ್ಯರು ಖೈನೂರ ಕೃಷ್ಣಪ್ಪ, ಚನ್ನೂರ ಜಲಾಲಸಾಬ, ಇವರ ತತ್ವಪದ (ಅನುಭಾವದ ಹಾಡು) ಜೇವರ್ಗಿ, ಯಡ್ರಾಮಿ, ಶಹಾಪುರ ಕಡಿ ಹಳ್ಳಿಯೊಳಗ ಇನ್ನೂ ಹಾಡೋರು ಇದ್ದಾರಲ್ಲ, ಅವರ ಹತ್ರ ಕೂತು ಧಾಟಿ ಸಮೇತ ರೆಕಾರ್ಡ್ ಮಾಡೋದು. ಪದ ಪುಸ್ತಕದಾಗ ಸಿಗ್ತಾವ್ರಿ, ಧಾಟಿ ಸಿಗಲ್ಲ.

ಹೋದ್ ಶ್ರಾವಣದಾಗ ಒಬ್ಬ ಮುತ್ಯಾ ತನ್ನ ಪದದ ಬುಕ್ ತೋರ್ಸಿದ. 200 ಪೇಜಿನ ಸಾಲಿ ನೋಟ್‌ಬುಕ್ಕು, ಅಂಚು ಎಲ್ಲಾ ಎಣ್ಣಿ ಕೈ ಹತ್ತಿ ಕರ್ರಗಾಗ್ಯದ, ನಡುವ ಊದಿನಕಡ್ಡಿ ಬೂದಿ ಬಿದ್ದಾವ, ಕೆಲವು ಸಾಲಿನ ಮ್ಯಾಲ ಪೆನ್ಸಿಲಿಂದ ಸಣ್ಣ ಗೆರಿ ಎಳದಾನ, ಇಲ್ಲಿ ದಮ್ಮಡಿ (ಕೈಲಿ ಬಡಿಯೋ ಚರ್ಮದ ವಾದ್ಯ) ತಿರಗ್ತದ ಅಂತ. ಒಂದ್ ಪದ ಸುರು ಮಾಡಿದ್ದ, ನನಗ ಆಫೀಸಿಂದ ಫೋನ್ ಬಂತು. "ಮುಂದಿನ ವಾರ ಬರ್ತೀನಿ ಮುತ್ಯಾ" ಅಂತ ಎದ್ ಬಂದೆ. ಆ ವಾರ ಬರ್ಲೇ ಇಲ್ಲ. ದೀಪಾವಳಿ ಮುಂದ ಮುತ್ಯಾ ತೀರಿಕೊಂಡ. ಬುಕ್ ಅದ, ಆ ಗೆರಿಗಿ ಅರ್ಥ ಹೇಳೋರಿಲ್ಲ.

ಅದಕ್ಕ ಈ ಒಂದ್ ವರ್ಷ ಹಾಳ್ ಮಾಡ್ಕೊಳ್ಳೋ ಹಂಗಿಲ್ಲ ನಾ. ಚಾರ್ಜ್ ಹೆಂಗ ಕೊಟ್ರ ಹೊಳ್ಳಿ ಹೊಳ್ಳಿ ಕರೆಯಲ್ಲ? ಮನಸ್ಸು ಫೈಲ್ ಬಿಟ್ಟು ಓದ್ಲಕ ಹೆಂಗ ಹತ್ತತದ? ಅನುಭವ ಇದ್ದೋರು ಹೇಳ್ರಿ.

ಹಳೇ_ಫೈಲ್ (ಕಲಬುರಗಿ)

ಸರ್, ನಾ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದವ, ಚಾರ್ಜ್ ಲಿಸ್ಟ್ ಭಾಳ ಬರ್ದೀನಿ. ಬರೇ ಎರಡ್ ಸಹಿ ಮಾಡಿ ಕೈ ಕುಲುಕಿದ್ರ ಚಾರ್ಜ್ ಆಗಲ್ರಿ. ನಡದಿರೋ ಪ್ರತಿ ಫೈಲಿಗಿ ಎಲ್ಲಿಗ್ ಬಂದು ನಿಂತದ, ಮುಂದ ಯಾರು ಏನ್ ಮಾಡ್ಬೇಕು ಅಂತ ಎರಡ್ ಸಾಲು ಬರೀರಿ, ಕೋರ್ಟ್ ಕೇಸ್, ಆಡಿಟ್ ಪ್ಯಾರಾ (ಲೆಕ್ಕ ತಪಾಸಣಿಯವರ ಆಕ್ಷೇಪ) ಇದ್ರ ತಾರೀಖ್ ಸಮೇತ. ನಿಮ್ ಹೆಸರಿನ ಮ್ಯಾಲ ತಗೊಂಡ ಅಡ್ವಾನ್ಸ್ ಬಿಲ್ ಹಚ್ಚಿ ಮುಗಿಸ್ರಿ, ಯುಟಿಲೈಸೇಶನ್ ಸರ್ಟಿಫಿಕೇಟ್ (ಕೊಟ್ಟ ರೊಕ್ಕ ಖರ್ಚಾದ ಲೆಕ್ಕದ ಪತ್ರ) ಬಾಕಿ ಇಟ್ಕೊಂಡು ಹೋಗ್ಬ್ಯಾಡ್ರಿ, ಇವೆರಡೇ ರಜಾದಾಗ ಫೋನ್ ಮಾಡ್ಸೋದು.

ಮತ್ತ ಡಿಜಿಟಲ್ ಸಹಿ ಹಾಕೋ ಡಾಂಗಲ್ (ಪೆನ್‌ಡ್ರೈವ್ ಹಂಗಿರ್ತದಲ್ಲ, ಅದು). ನಾ ಕಂಡ ಒಬ್ರು ಡಾಂಗಲ್ಲು ಡ್ರಾದಾಗ, ಪಿನ್ ಚೀಟಿ ಅದರ ಸಂಗಡ ಬಿಟ್ಟು ಹೋಗಿದ್ರು, ಅವರು ಊರಾಗಿಲ್ಲದ ದಿನ ಅವರ ಸಹಿ ಬಿಲ್ ಮ್ಯಾಲ ಬಿತ್ತು, ಉತ್ತರ ಬರ್ದು ಬರ್ದು ಸಾಕಾಗಿತ್ತು ಅವರಿಗಿ. ಅದನ್ನ ರದ್ದು ಮಾಡಿಸಿ, ಲಾಗಿನ್ ಎಲ್ಲಾ ಬದಲಿ ಮಾಡಿಸಿ, ಪತ್ರ ಬರ್ದು ಸ್ವೀಕೃತಿ ತಗೋರಿ. ಜೂನ್ 30ಕ್ಕ ಅಲ್ಲ, 15ಕ್ಕೇ ಹೊಸಬರನ್ನ ಬಾಜೂಕ ಕೂಡ್ರಿಸ್ಕೊಂಡು ಸುರು ಮಾಡ್ರಿ.

ಸುರಂಗ_ಬಾವಿ (ಬೀದರ)

ನಾ ಇತಿಹಾಸದವ, ಸಬ್ಯಾಟಿಕಲ್ ತಗೊಂಡು ಇಲ್ಲೇ ಬೀದರ ಬಾಜೂಕಿನ ನೌಬಾದಿನ ಕರೇಜ್ (ಸುರಂಗದ ನೀರಿನ ಕಾಲುವಿ) ಮ್ಯಾಲ ಕೆಲಸ ಮಾಡ್ದೆ, ಬಹಮನಿ ಕಾಲದಾಗ ಜಂಬಿಟ್ಟಿಗಿ ಕಲ್ಲು ಕೊರ್ದು ನೆಲದ ಒಳಗೇ ನೀರು ಹರಿಸಿದ್ದು.

ಮೊದಲ ನಿಯಮ ಹೇಳ್ತೀನಿ, ಯಾಕಂದ್ರ ಸೆಕ್ಷನ್‌ದಾಗ ಒಬ್ಬೊಬ್ರು ಒಂದೊಂದ್ ಹೇಳ್ತಾರ. ಯುಜಿಸಿ 2018ರ ರೆಗ್ಯುಲೇಶನ್ ಪ್ರಕಾರ ಅಸೋಸಿಯೇಟ್ ಪ್ರೊಫೆಸರ್ ಇಲ್ಲಾ ಪ್ರೊಫೆಸರ್ ಆಗಿ 7 ವರ್ಷ ಆಗಿರ್ಬೇಕು, ಒಂದ್ ಸಲಕ್ಕ 1 ವರ್ಷ, ಇಡೀ ಸರ್ವಿಸ್‌ದಾಗ 2 ವರ್ಷ ಮೀರೋ ಹಂಗಿಲ್ಲ. ಪೂರ್ತಿ ಪಗಾರ ಬರ್ತದ, ಇನ್‌ಕ್ರಿಮೆಂಟ್ ನಿಲ್ಲಲ್ಲ. ಬ್ಯಾರೆ ಕಡಿ ರೆಗ್ಯುಲರ್ ನೌಕರಿ ಹಿಡಿಯೋ ಹಂಗಿಲ್ಲ. ವಾಪಸ್ ಬಂದ್ ಮ್ಯಾಲ ಏನ್ ಮಾಡ್ದೆ ಅಂತ ರಿಪೋರ್ಟ್ ಕೊಡ್ಬೇಕು, ಅದಕ್ಕ ಅರ್ಜಿ ಸಂಗಡ ಕೊಟ್ಟ ಪ್ಲಾನ್‌ದು ಒಂದ್ ಕಾಪಿ ಟೇಬಲ್ ಮ್ಯಾಲೇ ಇಟ್ಕೋರಿ.

ಮನಸ್ಸಿಂದು ಕೇಳಿದ್ರಲ್ಲ, ಖರೆ ಹೇಳ್ತೀನಿ, ನನಗ ಮೊದಲ ಎರಡ್ ತಿಂಗಳು ಒಂದ್ ಪುಟ ಓದ್ಲಕ ಆಗ್ಲಿಲ್ಲ. ಮುಂಜಾನಿ 10ಕ್ಕ ಕೈ ತಾನೇ ಫೋನ್ ಕಡಿ ಹೋಗ್ತಿತ್ತು, ಯಾರೂ ಕರೀಲಿಲ್ಲ ಅಂದ್ರ ಹೊಟ್ಟಿಯೊಳಗ ಏನೋ ಕಸಿವಿಸಿ. ಮನ್ಯಾಗ ಕೂತಿದ್ರ ಹಂಗೇ ಇರ್ತಿದ್ದೆ. ನೋಟ್‌ಬುಕ್ ಬಿಟ್ಟು ದಿನಾ ನೌಬಾದ್ ತನಕ ನಡೀಲಕ ಸುರು ಮಾಡ್ದೆ, ಸುರಂಗದ ಬಾಯಿ ಒಂದೊಂದೇ ಎಣಸ್ಕೋತ, ಹೊಲದವರ ಸಂಗಡ ಮಾತಾಡ್ಕೋತ. ಕಾಲಿಂದ ಸುರುವಾಗಿ ತಲಿಗಿ ಬಂತು ಕೆಲಸ. ಜುಲೈದಾಗ ಬರೀಲಕ ಕೂಡ್ರಬ್ಯಾಡ್ರಿ ನೀವ್, ಹಳ್ಳಿಗಿ ಹೋಗ್ರಿ.

ಭೀಮಾ_ದಂಡಿ (ಯಾದಗಿರಿ)

ಸರ್, ನಾ ಡಿಗ್ರಿ ಕಾಲೇಜಿನ್ಯಾಗ ಪಾಠ ಮಾಡಾಕಿ, ನಮ್ಮಪ್ಪ ಭಜನಿ ಹಾಡ್ತಿದ್ರು. ನೀವು ಒಂದ್ ವರ್ಷ ಅಂತೀರಿ, ಲೆಕ್ಕಾ ಹಾಕಿದ್ರ 12 ಅಮಾಸಿ ಅಷ್ಟೇರಿ. ಇಡೀ ರಾತ್ರಿ ಕೂತು ಹಾಡೋದು ಅವತ್ತೇ, ಅದರಾಗ ತೊಗರಿ ರಾಶಿ, ಹತ್ತಿ ಬಿಡಿಸೋ ಹೊತ್ತಿನ್ಯಾಗ ಹಾಡೋರೇ ಕೂಲಿಗಿ ಹೋಗಿರ್ತಾರ, ಕೆಲವರು ಬೆಂಗಳೂರು, ಪುಣಾ ಹೋಗಿ ಬಿಟ್ಟಿರ್ತಾರ. ಅದಕ್ಕ ಕ್ಯಾಲೆಂಡರ್ ತಗೊಂಡು ಮೊದಲು ಅಮಾಸಿ ಗುರುತ್ ಮಾಡ್ರಿ, ಉಳಿದ ಪ್ಲಾನ್ ಆಮ್ಯಾಲ. ಮೊದಲನೇ ಸಲ ರೆಕಾರ್ಡರ್ ಹೊರಗ ತೆಗೀಬ್ಯಾಡ್ರಿ, ಬರೇ ಕೂತು ಕೇಳ್ರಿ.

ಇನ್ನೊಂದ್ ಮಾತು. ಆ ಮುತ್ಯಾನ ಮನ್ಯಾಗ ಹೆಣ್ಮಕ್ಕಳಿಗಿ ಕೇಳೀರೇನ್ರಿ? ಭಜನಿಯಾಗ ಮುಂದ ಕೂಡೋರು ಗಂಡಸರು, ಒಳಗ ಕೂತು ಜೀವಮಾನ ಪೂರ್ತಿ ಕೇಳಿದೋರು ಇವರು. ನಮ್ಮವ್ವ ರೊಟ್ಟಿ ಬಡೀವಾಗ ಅಪ್ಪನ ಪದ ಅದೇ ಧಾಟಿಯಾಗ ಗುನುಗ್ತಿದ್ಳು, ನಾವ್ಯಾರೂ ಅದು ಹಾಡು ಅಂತ ಲೆಕ್ಕಕ್ಕೇ ಹಿಡೀಲಿಲ್ಲ.

ಅಮಾಸಿ_ಭಜನಿ

ಮೇಡಂ, ಕೇಳಿಲ್ರಿ. ನಿಮ್ ಮಾತು ಓದಿ ಸುಮ್ನ ಕೂತುಬಿಟ್ಟೆ. ಸಂಜಿಮುಂದ ಮುತ್ಯಾನ ಮಗನಿಗಿ ಫೋನ್ ಮಾಡ್ದೆ, ಅವ ಆಯಿ (ಮುತ್ಯಾನ ಹೆಂಡ್ತಿ) ಕೈಯಾಗ ಫೋನ್ ಕೊಟ್ಟ. "ಗೆರಿ ಎಲ್ಲೆಲ್ಲಿ ಅವ ನನಗ್ ಓದ್ಲಕ ಬರಲ್ಲಪ್ಪಾ, ನೀ ಸಾಲು ಹೇಳು, ನಾ ಅಂತೀನಿ" ಅಂದ್ಳು.

ಹಳೇ ಫೈಲ್ ಸರ್, ನಾಳಿ ಮುಂಜಾನಿಯಿಂದಲೇ ಚಾರ್ಜ್ ಲಿಸ್ಟ್ ಬರೀಲಕ ಕೂಡ್ತೀನಿ. ಐತವಾರ ಜೇವರ್ಗಿ ಬಸ್ ಹತ್ತತೀನಿ.